ವಂದನಾರ್ಪಣೆ ಊಟದ ಹೊತ್ತಿಗೆ ಬೇಡ: ಊರಲ್ಲಿ ಡಿಜಿಟಲ್ ಕಲಿಕೆ ಟ್ರಸ್ಟ್ ಶುರು ಮಾಡುವಾಗ ಕೈಹಿಡಿದವರಿಗೆ ಥ್ಯಾಂಕ್ಸ್ ಹೇಳುವ ಬಗೆ

ವಂದನಾರ್ಪಣೆ ಶುರುವಾದ ತಕ್ಷಣ ಶಾಮಿಯಾನದ ಕೆಳಗೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಚೇರ್‌ಗಳು ಕರಕರ ಅನ್ನುತ್ತವೆ, ಮುಖ್ಯ ಅತಿಥಿಗಳು ಆಗಲೇ ಕಾರಿನ ಹತ್ತಿರ ಇರುತ್ತಾರೆ, ಹಿಂದಿನ ಸಾಲಿನವರು ಪಲಾವ್ ವಾಸನೆ ಹಿಡಿದು ಹೊರಟಿರುತ್ತಾರೆ. ವೇದಿಕೆ ಮೇಲೆ ಒಬ್ಬರು ಚೀಟಿ ಹಿಡಿದು "ಪ್ರತ್ಯಕ್ಷವಾಗಿ, ಪರೋಕ್ಷವಾಗಿ, ತನು ಮನ ಧನದಿಂದ ಸಹಕರಿಸಿದ ಸರ್ವರಿಗೂ" ಅಂತ ಓದುತ್ತಿರುತ್ತಾರೆ. ಆ ಸರ್ವರಲ್ಲಿ ಬಾಡಿಗೆ ಕೇಳದೆ ರೂಮ್ ಬಿಟ್ಟುಕೊಟ್ಟವರೂ ಇದ್ದಾರೆ, ಬಂದು ಫೋಟೋ ತೆಗೆಸಿಕೊಂಡು ಹೋದವರೂ ಇದ್ದಾರೆ. ಇಬ್ಬರಿಗೂ ಒಂದೇ ಥ್ಯಾಂಕ್ಸ್.

ಊರಲ್ಲಿ ಮೊಬೈಲ್, ಕಂಪ್ಯೂಟರ್ ಕಲಿಸುವ ಟ್ರಸ್ಟ್ ಒಂದನ್ನು ಶುರು ಮಾಡುತ್ತಿರುವವರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಬೇಲೂರು ಕಡೆಯವನು, ಹಾಗಾಗಿ ಉದಾಹರಣೆಗಳೆಲ್ಲ ಹಾಸನ ಜಿಲ್ಲೆಯವು. ಮೂಡಿಗೆರೆ, ಚಿಕ್ಕಮಗಳೂರಿನವರಿಗೂ ಹೆಚ್ಚು ಕಮ್ಮಿ ಇದೇ ಕಥೆ. ನಾನು ಹೇಳುವುದು ಇಷ್ಟೇ: ಯಾರು ಕೊಟ್ಟರು, ಏನು ಕೊಟ್ಟರು, ಅದರಿಂದ ಏನಾಯಿತು. ಈ ಮೂರೂ ಬಾಯಲ್ಲಿ ಬರದಿದ್ದರೆ ಎಷ್ಟು ದೊಡ್ಡ ಶಾಲು ಹೊದಿಸಿದರೂ ಪ್ರಯೋಜನ ಇಲ್ಲ.

ನಮ್ಮ ತಾಲ್ಲೂಕಿನವರಿಗೆ ಇದನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಹಲ್ಮಿಡಿ ಶಾಸನ ಸಿಕ್ಕಿದ್ದು ಬೇಲೂರು ತಾಲ್ಲೂಕಿನಲ್ಲೇ. ಕ್ರಿ.ಶ. 450ರ ಆಸುಪಾಸಿನದು, 16 ಸಾಲು. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜಾರಸನಿಗೆ ಎರಡು ಊರು ಕೊಟ್ಟದ್ದನ್ನು ಅದರಲ್ಲಿ ಕೆತ್ತಿದ್ದಾರೆ. ಯಾರಿಗೆ, ಯಾಕೆ, ಏನು ಅಂತ ಹೆಸರು ಹಿಡಿದು ಬರೆದಿದ್ದಾರೆ, "ಸರ್ವರಿಗೂ" ಅಂತ ಅಲ್ಲ. ಇನ್ನು ಬೇಲೂರು ದೇವಸ್ಥಾನ. 1117ರಲ್ಲಿ ಅದನ್ನು ಕಟ್ಟಿಸಿದ್ದು ಯಾರು ಅಂದರೆ ವಿಷ್ಣುವರ್ಧನ ಅಂತ ಶಾಲೆ ಮಕ್ಕಳೂ ಹೇಳುತ್ತಾರೆ, ಆದರೆ ಅಲ್ಲಿ ಉಳಿ ಹಿಡಿದ ದಾಸೋಜ, ಚಾವಣ ಇವರ ಹೆಸರೂ ಕಲ್ಲಿನಲ್ಲೇ ಇದೆ. ದುಡ್ಡು ಕೊಟ್ಟವರ ಹೆಸರೂ ಇರಬೇಕು, ಮೈ ಬಗ್ಗಿಸಿ ಕೆಲಸ ಮಾಡಿದವರ ಹೆಸರೂ ಇರಬೇಕು.

ಮೊದಲು ಒಂದು ಲಾಂಗ್ ನೋಟ್‌ಬುಕ್

ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಟ್ರಸ್ಟ್ ಡೀಡ್ ರಿಜಿಸ್ಟರ್ ಆಗುವುದಕ್ಕೂ ಮುಂಚೆ ಒಂದು ಲಾಂಗ್ ನೋಟ್‌ಬುಕ್ ತಗೊಳ್ಳಿ. ಎಕ್ಸೆಲ್ ಆಮೇಲೆ ಮಾಡಿ. ಯಾಕೆಂದರೆ ಸಹಾಯ ಬರುವುದು ಟೀ ಅಂಗಡಿ ಮುಂದೆ, ಮದುವೆ ಮನೆಯಲ್ಲಿ, ಸಂತೆ ದಿನ ಬಸ್ ಸ್ಟ್ಯಾಂಡ್‌ನಲ್ಲಿ. ಮನೆಗೆ ಬಂದ ರಾತ್ರಿಯೇ ಬರೆದಿಟ್ಟರೆ ಉಂಟು, ಇಲ್ಲದಿದ್ದರೆ ಹೋಯಿತು.

ಪುಟ ಹೇಗಿರಬೇಕು ಅಂದರೆ, ಹೀಗೆ. "ಗೋಡೌನ್ ಪಕ್ಕದ ರೂಮ್, ಬಾಡಿಗೆ ಬೇಡ, ಕರೆಂಟ್ ಬಿಲ್ ನಾವು ಕಟ್ಟಬೇಕು." "ಯುಪಿಎಸ್ ಬ್ಯಾಟರಿ, ಬಳಸಿದ್ದು." "ಭಾನುವಾರಗಳಲ್ಲಿ ವೈರಿಂಗ್, ಕೂಲಿ ಬೇಡ ಅಂದರು, ವೈರ್ ದುಡ್ಡು ಮಾತ್ರ ಕೊಟ್ಟಿದೆ." "ಬೆಂಚು 6, ಶಾಲೆಯದ್ದು, ವಾಪಸ್ ಕೊಡಬೇಕು." "ಕ್ಲಾಸ್ ಇರುವ ದಿನ ಟೀ." "ಪೋಸ್ಟರ್ ಡಿಸೈನ್, ಹೆಸರು ಹಾಕಬೇಡಿ ಅಂದಿದ್ದಾರೆ." ಪಕ್ಕದಲ್ಲಿ ದಿನಾಂಕ, ಫೋನ್ ನಂಬರ್, ಕೊಡುವಾಗ ಅವರು ಆಡಿದ ಮಾತು. ಆ ಕೊನೆಯದ್ದು ಮುಖ್ಯ. "ನಮ್ಮಮ್ಮನಿಗೆ ಪಿಂಚಣಿ ಬಂತಾ ಅಂತ ನೋಡೋಕೆ ಬೇರೆಯವರ ಕೈಗೆ ಫೋನ್ ಕೊಡಬೇಕಿತ್ತು, ಅದಕ್ಕೇ ಕೊಡ್ತಿದೀನಿ" ಅಂತ ಒಬ್ಬರು ಹೇಳಿದ್ದರೆ, ಮುಂದೆ ಅವರಿಗೆ ಬರೆಯುವ ಪತ್ರ ಅಲ್ಲಿಂದಲೇ ಹುಟ್ಟುತ್ತದೆ.

ಹೆಸರು ಅವರು ಹೇಗೆ ಬರೆಯುತ್ತಾರೋ ಹಾಗೇ ಬರೆದುಕೊಳ್ಳಿ. ಇನಿಷಿಯಲ್ ಕೇಳಿ. ಒಬ್ಬರಿಗೆ "ಎಚ್", ಇನ್ನೊಬ್ಬರಿಗೆ "ಹೆಚ್", ಮತ್ತೊಬ್ಬರಿಗೆ ಊರಿನ ಹೆಸರೇ ಮುಂದೆ ಬರಬೇಕು. ನಮ್ಮ ಕಡೆ ಒಂದೇ ಊರಲ್ಲಿ ಒಂದೇ ಹೆಸರಿನ ನಾಲ್ಕು ಜನ ಸಿಗುತ್ತಾರೆ, ಯಾವ ಮಂಜಣ್ಣ ಅಂತ ಗೊತ್ತಾಗದ ಪಟ್ಟಿ ಮಾಡಿದರೆ ನಾಲ್ವರಿಗೂ ಬೇಜಾರು.

ಯುಪಿಐನಲ್ಲಿ ಬಂದ ದುಡ್ಡಿನ ಕಥೆಯೇ ಬೇರೆ. ಉದ್ಘಾಟನೆ ದಿನ ಕ್ಯೂಆರ್ ಕೋಡ್ ಅಂಟಿಸಿರುತ್ತೀರಿ, 101, 501 ಅಂತ ಬರುತ್ತಲೇ ಇರುತ್ತದೆ, ಆದರೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದರೆ ಅರ್ಧ ಹೆಸರು, ಒಂದು ಯುಪಿಐ ಐಡಿ, ಉದ್ದನೆಯ ರೆಫರೆನ್ಸ್ ನಂಬರ್, ಅಷ್ಟೇ. ರಸೀದಿಗೆ ಪೂರ್ತಿ ಹೆಸರು, ವಿಳಾಸ, ಪಾನ್ ಬೇಕು. ಫೋನ್ ಮಾಡಿ ಪಾನ್ ನಂಬರ್ ಕೇಳಿದರೆ ಅವರು ಕಟ್ ಮಾಡುತ್ತಾರೆ, ಮಾಡಲೇಬೇಕು, ಅಪರಿಚಿತರಿಗೆ ಫೋನ್‌ನಲ್ಲಿ ಏನೂ ಹೇಳಬೇಡಿ, ಮೋಸ ಆದರೆ 1930ಕ್ಕೆ ಫೋನ್ ಮಾಡಿ ಅಂತ ಪಾಠ ಮಾಡುತ್ತಿರುವುದು ನಾವೇ ಅಲ್ವಾ! ಅದಕ್ಕೆ ಕ್ಯೂಆರ್ ಪಕ್ಕ ಒಬ್ಬರನ್ನು ರಸೀದಿ ಪುಸ್ತಕ ಕೊಟ್ಟು ಕೂರಿಸಿ. ಊರಿನ ಪರಿಚಯ ಇರುವವರಾದರೆ ಒಳ್ಳೆಯದು. ದುಡ್ಡು ಬಂತು, ಹೆಸರು ಬರೆದಾಯಿತು, ರಸೀದಿ ಕೈಗೆ ಕೊಟ್ಟಾಯಿತು. ಮೊದಲ ಥ್ಯಾಂಕ್ಸ್ ಅಲ್ಲೇ ಮುಗಿಯಿತು.

ತೆರಿಗೆ ವಿಷಯದಲ್ಲಿ ಬಾಯಿ ತಪ್ಪಿ ಮಾತು ಕೊಡಬೇಡಿ

ಖುಷಿಯಲ್ಲಿ "ನಿಮಗೆ ಟ್ಯಾಕ್ಸ್ ಉಳಿಯುತ್ತೆ ಸಾರ್" ಅಂತ ಹೇಳುವವರು ಜಾಸ್ತಿ. ಟ್ರಸ್ಟ್ ರಿಜಿಸ್ಟರ್ ಆದ ಮಾತ್ರಕ್ಕೆ ಅದು ಸಿಗುವುದಿಲ್ಲ. ದಾನಿಗೆ ತೆರಿಗೆ ವಿನಾಯಿತಿ ಸಿಗಬೇಕಾದರೆ ಟ್ರಸ್ಟ್ ಆದಾಯ ತೆರಿಗೆ ಇಲಾಖೆಯಿಂದ 80ಜಿ ಅನ್ನುವ ಅನುಮತಿ ಬೇರೆ ತಗೊಳ್ಳಬೇಕು. ಅದು ಬಂದ ಮೇಲೂ 2000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ವಿನಾಯಿತಿ ಇಲ್ಲ. ವಸ್ತು ಕೊಟ್ಟವರಿಗೆ, ಅಂದರೆ ಕಂಪ್ಯೂಟರ್, ಟೇಬಲ್ ಕೊಟ್ಟವರಿಗೆ, ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾಗಿದ್ದು ಸೆಕ್ಷನ್ ನಂಬರ್‌ಗಳು ಬದಲಾಗಿವೆ, ಆದರೆ ಆಡಿಟರ್ ಹತ್ತಿರ ಹೋಗಿ 80ಜಿ ಅಂದರೆ ಅವರಿಗೆ ಗೊತ್ತಾಗುತ್ತದೆ. ಥ್ಯಾಂಕ್ಸ್ ಪತ್ರದಲ್ಲಿ ತೆರಿಗೆ ಮಾತು ತೆಗೆಯುವ ಮೊದಲು ಅವರನ್ನು ಕೇಳಿ.

"ನನ್ನ ಹೆಸರು ಎಲ್ಲೂ ಬರಬಾರದು" ಅನ್ನುವವರು ಮಲೆನಾಡಲ್ಲಿ ಬೇಕಾದಷ್ಟು ಜನ. ಗೌರವಿಸಬೇಕು. ಬೋರ್ಡ್ ಮೇಲೆ ಬೇಡ, ಮೈಕ್‌ನಲ್ಲಿ ಬೇಡ, ವಾಟ್ಸಾಪ್‌ನಲ್ಲಿ ಬೇಡ. ಆದರೆ ಲೆಕ್ಕದ ಪುಸ್ತಕದಲ್ಲಿ ಹೆಸರು, ವಿಳಾಸ ಇರಲೇಬೇಕು ಅಂತ ಅವರಿಗೆ ಬಿಡಿಸಿ ಹೇಳಿ. ದಾನಿ ಯಾರು ಅಂತ ದಾಖಲೆಯೇ ಇಲ್ಲದ ದುಡ್ಡು ಒಂದು ಮಿತಿ ದಾಟಿದರೆ ಅದಕ್ಕೆ ಶೇ 30ರಷ್ಟು ತೆರಿಗೆ ಬೀಳುತ್ತದೆ. ಅಂಥವರಿಗೆ ಒಂದು ದಿನ ಬಿಡುವು ಮಾಡಿಕೊಂಡು ಅವರ ಮನೆಗೇ ಹೋಗಿ ಬನ್ನಿ, ಜಗಲಿ ಮೇಲೆ ಕೂತು ಒಂದು ಲೋಟ ಕಾಫಿ ಕುಡಿದು, ಕ್ಲಾಸ್ ಹೇಗೆ ನಡೀತಿದೆ ಅಂತ ಹೇಳಿ ಬಂದರೆ ಅದಕ್ಕಿಂತ ದೊಡ್ಡ ಸನ್ಮಾನ ಬೇಕಿಲ್ಲ.

ಅಮೆರಿಕ, ದುಬೈನಲ್ಲಿರುವ ಊರಿನ ಹುಡುಗರ ವಿಷಯ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ತಗೊಂಡವರದ್ದಾದರೆ, ನಮ್ಮೂರಲ್ಲೇ ಹುಟ್ಟಿ ಬೆಳೆದಿದ್ದರೂ, ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಅಥವಾ ಮುಂಗಡ ಅನುಮತಿ ಇಲ್ಲದೆ ಮುಟ್ಟುವ ಹಾಗಿಲ್ಲ. "ದುಡ್ಡು ಈಗ ಬೇಡಪ್ಪ, ವಾರಕ್ಕೊಂದು ದಿನ ವಿಡಿಯೋ ಕಾಲ್‌ನಲ್ಲಿ ಪಾಠ ಮಾಡು" ಅಂದುಬಿಡಿ. ಅವರ ಹೆಸರೂ ನೋಟ್‌ಬುಕ್‌ಗೆ ಬರುತ್ತದೆ.

ಹಳೇ ಲ್ಯಾಪ್‌ಟಾಪ್ ಕೊಟ್ಟವರಿಗೆ

ಬೆಂಗಳೂರಿನಿಂದ ಹಳೇ ಲ್ಯಾಪ್‌ಟಾಪ್‌ಗಳು ಈಗ ಚೆನ್ನಾಗಿ ಬರುತ್ತಿವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು, ಹಳೇ ಮಷಿನ್‌ಗಳಲ್ಲಿ ಬಹಳಷ್ಟಕ್ಕೆ ವಿಂಡೋಸ್ 11 ಕೂರುವುದಿಲ್ಲ. ಕಂಪನಿಯವರಿಗೆ ಬೇಡವಾಗಿದ್ದು ನಮಗೆ ವಿಂಡೋಸ್ ಬದಲು ಉಬುಂಟು ಥರದ ಉಚಿತ ಲಿನಕ್ಸ್ ಹಾಕಿಕೊಂಡರೆ ಸಾಕಾಗುತ್ತದೆ. ಕೊಟ್ಟವರಿಗೆ ಒಳಗೊಳಗೇ ಎರಡು ಅಳುಕು ಇರುತ್ತದೆ: ನನ್ನ ಫೋಟೋ, ಪಾಸ್‌ವರ್ಡ್ ಎಲ್ಲ ಅದರಲ್ಲಿ ಉಳಿದಿದೆಯಾ, ಮತ್ತೆ, ಅದು ಕೆಲಸಕ್ಕೆ ಬಂತಾ ಇಲ್ಲ ಗುಜರಿಗೆ ಹೋಯಿತಾ. ಥ್ಯಾಂಕ್ಸ್ ಮೆಸೇಜ್ ಈ ಎರಡಕ್ಕೂ ಉತ್ತರ ಕೊಡಬೇಕು. ನಾನಾದರೆ ಹೀಗೆ ಬರೆಯುತ್ತೇನೆ:

"ಅಕ್ಕಾ, ನಿಮ್ಮ ಲ್ಯಾಪ್‌ಟಾಪ್ ತಲುಪಿತು. ಹಾರ್ಡ್ ಡಿಸ್ಕ್ ಪೂರ್ತಿ ಅಳಿಸಿದ್ದೇವೆ, ನಿಮ್ಮ ಫೈಲ್ ಒಂದೂ ಉಳಿದಿಲ್ಲ. ಉಬುಂಟು ಹಾಕಿದ್ದೇವೆ, ಚೆನ್ನಾಗಿ ಓಡುತ್ತಿದೆ. ಬ್ಯಾಟರಿ ಮಾತ್ರ ನಿಲ್ಲುತ್ತಿಲ್ಲ, ಚಾರ್ಜರ್ ಹಾಕಿಯೇ ಬಳಸುತ್ತೇವೆ. ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ಅದರಲ್ಲಿ ಕನ್ನಡ ಟೈಪಿಂಗ್ ಕಲಿಯುತ್ತಿದ್ದಾಳೆ. 'ಎ' ಕೀ ಸ್ವಲ್ಪ ಜೋರಾಗಿ ಒತ್ತಬೇಕು ಅಂತ ಅವಳ ದೂರು."

ಕೊನೆಯ ಸಾಲು ಓದಿದಾಗ ಕೊಟ್ಟವರು ನಗುತ್ತಾರೆ, ಯಾಕೆಂದರೆ ಆ ಕೀ ಹಾಗೆ ಅಂತ ಅವರಿಗೆ ಗೊತ್ತು. ಕೆಟ್ಟು ಹೋದ ಮಷಿನ್ ಬಂದರೂ ಅಷ್ಟೇ, ಇದರ ರ್ಯಾಮ್ ತೆಗೆದು ಇನ್ನೊಂದಕ್ಕೆ ಹಾಕಿದೆವು, ಉಳಿದದ್ದನ್ನು ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಟ್ಟೆವು ಅಂತ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ರೂಮ್ ಕೊಟ್ಟ ಬೆಳೆಗಾರರಿಗೆ ಬೇರೆ ಥರ:

"ಅಣ್ಣಾ, ನೀವು ಬಿಟ್ಟುಕೊಟ್ಟ ರೂಮಿನಲ್ಲಿ ಸೋಮವಾರ ಮೊದಲ ಕ್ಲಾಸ್ ಆಯಿತು. ಲೈನ್ ಮನೆ ಹೆಂಗಸರೇ ಜಾಸ್ತಿ ಬಂದಿದ್ದರು. ಗೃಹಲಕ್ಷ್ಮಿ ದುಡ್ಡು ಬಂತಾ ಇಲ್ವಾ ಅಂತ ಅವರವರೇ ಫೋನ್‌ನಲ್ಲಿ ನೋಡಿಕೊಂಡರು. ಬಾಗಿಲಿಗೆ ಹೊಸ ಬೀಗ ಹಾಕಿದ್ದೇವೆ, ಒಂದು ಕೀ ನಿಮ್ಮ ರೈಟರ್ ಹತ್ತಿರ ಇದೆ. ಮಳೆಗೆ ಹೆಂಚು ಸರಿದರೆ ನಾವೇ ನೋಡಿಕೊಳ್ಳುತ್ತೇವೆ."

ಇದರಲ್ಲಿ ಹೊಗಳಿಕೆ ಒಂದು ಪದವೂ ಇಲ್ಲ, ನೋಡಿ. ರೂಮ್ ಕೊಟ್ಟವರಿಗೆ ಹೊಗಳಿಕೆಗಿಂತ ಬೀಗದ ಸುದ್ದಿ ಬೇಕು.

ಕೆಲವರು ದೊಡ್ಡ ಮೊತ್ತ ಕೊಡುವಾಗ "ನಮ್ಮ ತಂದೆಯವರ ಹೆಸರು ರೂಮಿಗೆ ಇಡಿ" ಅನ್ನುತ್ತಾರೆ. ಇಡಬಹುದು, ತಪ್ಪೇನಿಲ್ಲ. ಎಷ್ಟು ವರ್ಷ, ಎಲ್ಲಿ, ಎಷ್ಟು ದೊಡ್ಡ ಅಕ್ಷರ, ರೂಮ್ ಬದಲಾದರೆ ಏನು, ಎಲ್ಲವನ್ನೂ ದುಡ್ಡು ತಗೊಳ್ಳುವ ಮೊದಲೇ ಕಾಗದದ ಮೇಲೆ ಮಾಡಿಕೊಳ್ಳಿ. ಕಂಪನಿಯವರು ಸಿಎಸ್ಆರ್, ಅಂದರೆ ಸಮಾಜದ ಕೆಲಸಕ್ಕೆ ಅಂತ ತೆಗೆದಿಟ್ಟ ದುಡ್ಡು, ಕೊಡುವುದಾದರೆ ಅವರಿಗೆ ಶಾಲು ಬೇಡ, ಹೊತ್ತಿಗೆ ಸರಿಯಾಗಿ ಖರ್ಚಿನ ಲೆಕ್ಕದ ಪ್ರಮಾಣಪತ್ರ ಬೇಕು. ಅದೇ ಅವರಿಗೆ ಥ್ಯಾಂಕ್ಸ್.

ಸರ್ಕಾರಿ ಕೆಲಸದಲ್ಲಿರುವವರಿಗೆ

ಇದನ್ನು ಯಾರೂ ಯೋಚಿಸುವುದಿಲ್ಲ. ಅರಿವು ಕೇಂದ್ರದ, ಅಂದರೆ ಪಂಚಾಯ್ತಿ ಲೈಬ್ರರಿಯ, ಮೇಲ್ವಿಚಾರಕರು ಸಂಜೆ ಹೆಚ್ಚು ಹೊತ್ತು ಬಾಗಿಲು ತೆಗೆದಿಟ್ಟಿರುತ್ತಾರೆ, ಪಿಡಿಒ ಒಂದು ಫೈಲ್ ಬೇಗ ಮುಂದಕ್ಕೆ ಕಳಿಸಿರುತ್ತಾರೆ, ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಉದ್ಘಾಟನೆ ಹಿಂದಿನ ರಾತ್ರಿ ಕರೆಂಟ್ ಕೊಟ್ಟಿರುತ್ತಾರೆ, ಆಶಾ ಕಾರ್ಯಕರ್ತೆ ಮನೆ ಮನೆಗೆ ಹೋದಾಗ ನಮ್ಮ ಕ್ಲಾಸಿನ ವಿಷಯವನ್ನೂ ಹೇಳಿ ಬಂದಿರುತ್ತಾರೆ. ಇವರಿಗೆ ಕವರ್, ಗಿಫ್ಟ್ ಕೊಡಬೇಡಿ. ಅವರಿಗೇ ತೊಂದರೆ. ಅವರ ಮೇಲಧಿಕಾರಿಗೆ ಒಂದು ಪತ್ರ ಬರೆಯಿರಿ, ಪ್ರತಿ ಅವರ ಕೈಗೆ ಕೊಡಿ. ಪಿಡಿಒ ಬಗ್ಗೆ ತಾಲ್ಲೂಕು ಪಂಚಾಯ್ತಿ ಇಒಗೆ, ಮೇಷ್ಟ್ರ ಬಗ್ಗೆ ಬಿಇಒಗೆ, ಲೈನ್‌ಮನ್ ಬಗ್ಗೆ ಕರೆಂಟ್ ಕಂಪನಿ ಸೆಸ್ಕ್‌ನ ಸೆಕ್ಷನ್ ಆಫೀಸರ್‌ಗೆ. ಚಿಕ್ಕಮಗಳೂರಿನವರಾದರೆ ಮೆಸ್ಕಾಂ. ಯಾವ ದಿನ, ಏನು ಮಾಡಿದರು, ಅಷ್ಟೇ ಸಾಕು, ಅರ್ಧ ಪುಟ. ಮೇಲಧಿಕಾರಿಗೆ ಇವರ ಬಗ್ಗೆ ಯಾವಾಗಲೂ ಹೋಗುವುದು ದೂರು. ಒಳ್ಳೆಯ ಮಾತು ಹೋದರೆ ಅದನ್ನು ಅವರು ಜೋಪಾನವಾಗಿ ಎತ್ತಿಡುತ್ತಾರೆ.

ಉದ್ಘಾಟನೆ ದಿನ

ದಿನ ಆರಿಸುವುದರಿಂದಲೇ ಥ್ಯಾಂಕ್ಸ್ ಶುರು. ನವೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಸಕಲೇಶಪುರ, ಬೇಲೂರಿನ ಮಲೆನಾಡು ಕಡೆ ತೋಟದವರೂ ಬರುವುದಿಲ್ಲ, ಕೆಲಸದವರೂ ಬರುವುದಿಲ್ಲ. ಜೂನ್, ಜುಲೈ, ಆಗಸ್ಟ್‌ನಲ್ಲಿ ಮಳೆ, ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ದೀಪಾವಳಿ ಮುಂದೆ ಹಾಸನಾಂಬೆ ಬಾಗಿಲು ತೆಗೆದಿರುವ ದಿನಗಳಲ್ಲಿ ಹಾಸನ ಟೌನ್‌ನಲ್ಲಿ ಕಾರ್ಯಕ್ರಮ ಇಟ್ಟುಕೊಂಡರೆ ಬಸ್ ಸ್ಟ್ಯಾಂಡ್ ದಾಟಿ ಬರುವುದಕ್ಕೇ ಜನ ಸುಸ್ತು. ನಿಮಗೆ ಸಹಾಯ ಮಾಡಿದವರೇ ಬರಲಾಗದ ದಿನ ಕಾರ್ಯಕ್ರಮ ಮಾಡಿ ಯಾರಿಗೆ ವಂದನೆ ಅರ್ಪಿಸುತ್ತೀರಿ? ಮುಖ್ಯ ಅತಿಥಿಯ ಡೇಟ್ ಕೇಳುವ ಮೊದಲು ರೂಮ್ ಕೊಟ್ಟವರ ಡೇಟ್ ಕೇಳಿ.

ವಂದನಾರ್ಪಣೆಯನ್ನು ಪ್ರಾಸ್ತಾವಿಕ ಮಾತಿನ ಜೊತೆಗೇ ಸೇರಿಸಿಬಿಡಿ. ಭಾಷಣಗಳಿಗೆ ಮುಂಚೆ. ಜನ ಕೂತಿರುತ್ತಾರೆ, ಕಿವಿ ಚುರುಕಾಗಿರುತ್ತದೆ, ಮುಖ್ಯ ಅತಿಥಿಗೂ ಯಾವ ಕೆಲಸಕ್ಕೆ ಬಂದಿದ್ದೇನೆ ಅಂತ ತಿಳಿಯುತ್ತದೆ. ಕೆಲವರು ಸಂಪ್ರದಾಯ ಅಲ್ಲ ಅನ್ನಬಹುದು. ಅನ್ನಲಿ. ಶಾಸಕರು ಬಂದಿದ್ದರೆ ಬಂದದ್ದಕ್ಕೆ ಥ್ಯಾಂಕ್ಸ್ ಹೇಳಿ, ಕೊಡದೆ ಇರುವುದನ್ನು ಕೊಟ್ಟರು ಅಂತ ಮೈಕ್‌ನಲ್ಲಿ ಹೇಳಬೇಡಿ, ನಿಜವಾಗಿ ಕೊಟ್ಟವರು ಕೆಳಗೆ ಕೂತು ಕೇಳುತ್ತಿರುತ್ತಾರೆ.

ಹೆಸರುಗಳನ್ನು ಯಾವ ಕ್ರಮದಲ್ಲಿ ಓದಬೇಕು ಅನ್ನುವುದು ಊರಲ್ಲಿ ಜಗಳದ ಮೂಲ. ಯಾರು ಮೊದಲು, ಯಾರ ಜಾತಿಯವರು, ಯಾರ ಪಾರ್ಟಿಯವರು ಅಂತ ಲೆಕ್ಕ ಹಾಕುವವರು ಇದ್ದೇ ಇರುತ್ತಾರೆ. ಅಕಾರಾದಿಯಾಗಿ ಓದಿ, ಹಾಗೆ ಓದುತ್ತಿದ್ದೇವೆ ಅಂತ ಮೊದಲೇ ಹೇಳಿ. ಮೊತ್ತ ಓದಬೇಡಿ. ದೇವಸ್ಥಾನದ ಕಲ್ಲಿನ ಮೇಲೆ 1001, 5001 ಅಂತ ಹಾಕುವ ರೂಢಿ ಇದೆ, ಆದರೆ ಕಲಿಯುವ ಜಾಗದಲ್ಲಿ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಕೂಲಿ ಬಿಟ್ಟು ವೈರಿಂಗ್ ಮಾಡಿದವನ ಪಕ್ಕ ಏನು ಮೊತ್ತ ಹಾಕುತ್ತೀರಿ? ಹೆಸರು, ಮಾಡಿದ ಕೆಲಸ, ಒಂದೊಂದೇ ಸಾಲು. ಓದುವವರಿಗೆ ಹಿಂದಿನ ದಿನ ಪಟ್ಟಿ ಕೊಟ್ಟು ಒಮ್ಮೆ ಜೋರಾಗಿ ಓದಿಸಿ.

ಪಟ್ಟಿಯನ್ನು ಡಿಟಿಪಿ ಅಂಗಡಿಯಲ್ಲಿ ಮಾಡಿಸಿದರೆ ಯುನಿಕೋಡ್‌ನಲ್ಲೇ ಕೊಡಿ ಅಂತ ಕೇಳಿ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ವಾಟ್ಸಾಪ್‌ಗೆ ಹಾಕಿದರೆ ಗೌಡರ ಹೆಸರು ಇರಬೇಕಾದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತವೆ. ಡಿಜಿಟಲ್ ಕಲಿಸುವವರ ಮೊದಲ ಮೆಸೇಜೇ ಹಾಗಿದ್ದರೆ ಜನ ಆಡಿಕೊಳ್ಳುತ್ತಾರೆ. ಫ್ಲೆಕ್ಸ್ ಬೇಡ, ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಲ್ಲೇ ನಿಷೇಧ ಬಂದಿದೆ, ಕಣ್ಣಿಗೆ ಮಾತ್ರ ಬೀಳುತ್ತಲೇ ಇರುತ್ತದೆ. ಬಟ್ಟೆ ಬ್ಯಾನರ್ ಬರೆಸಿ. ಶಾಲು, ಪೇಟ, ನೆನಪಿನ ಕಾಣಿಕೆ ವಿಷಯದಲ್ಲಿ ನಾನು ಸ್ವಲ್ಪ ಕಟು: ಜನ ಕಂಪ್ಯೂಟರ್‌ಗೆ ಅಂತ ಕೊಟ್ಟ ದುಡ್ಡಿನಲ್ಲಿ ಅವರಿಗೇ ಗಾಜಿನ ಫಲಕ ಮಾಡಿಸಿ ಕೊಡುವುದು ಏನು ನ್ಯಾಯ? ತೀರಾ ಹಿರಿಯರಿಗೆ ಒಂದು ಶಾಲು ಹೊದಿಸಿ ಕಾಲಿಗೆ ನಮಸ್ಕಾರ ಮಾಡಿ, ಉಳಿದವರಿಗೆ ಪತ್ರ ಸಾಕು.

ಆ ಪತ್ರವನ್ನು ಯಾರು ಬರೆಯಬೇಕು ಅಂದರೆ, ಕಲಿಯುವವರು. ಮೊದಲ ಬ್ಯಾಚಿನ ಟೈಪಿಂಗ್ ಪಾಠವೇ ಅದಾಗಲಿ. ಕಾಫಿ ಹಣ್ಣು ಬಿಡಿಸಿ ಬಿಡಿಸಿ ಬೆರಳು ಗಟ್ಟಿಯಾದ ಹೆಂಗಸೊಬ್ಬರು ಒಂದೇ ತೋರುಬೆರಳಲ್ಲಿ ಅಕ್ಷರ ಹುಡುಕುವುದನ್ನು ನೋಡಬೇಕು. ಕೀ ಮೇಲೆ ಬೆರಳು ಇಟ್ಟೇ ಬಿಡುತ್ತಾರೆ, "ನಿ" ಬರಬೇಕಾದ ಕಡೆ ನಕಾರಗಳ ಮೆರವಣಿಗೆ ಹೊರಡುತ್ತದೆ, ಬ್ಯಾಕ್‌ಸ್ಪೇಸ್ ಒತ್ತಿದರೆ ಇದ್ದದ್ದೆಲ್ಲ ಅಳಿಸಿ ಹೋಗುತ್ತದೆ, ಒತ್ತಕ್ಷರ ಬಂದಾಗ ನಮ್ಮ ಮುಖ ನೋಡುತ್ತಾರೆ. ಕೊನೆಗೆ ಪ್ರಿಂಟ್ ಬರುವುದು ಎರಡು ಸಾಲು: "ನೀವು ಕೊಟ ಕಂಪೂಟರಲ್ಲಿ ಇದು ಬರೆದಿದೀನಿ. ನನ ಹೆಸರು ನಾನೇ ಟೈಪ್ ಮಾಡಿದೀನಿ." ತಿದ್ದಬೇಡಿ. ಹಾಗೇ ಕವರ್‌ಗೆ ಹಾಕಿ ಕಳಿಸಿ. ಹಾಂ, ಬರೆಯಲೇಬೇಕು ಅಂತ ಯಾರನ್ನೂ ಬಲವಂತ ಮಾಡಬೇಡಿ, ಉಪಕಾರ ಹೊರಿಸಿದ ಹಾಗೆ ಅನ್ನಿಸಬಾರದು.

ಫೋಟೋ ವಿಷಯ ಚಿಕ್ಕದಾಗಿ. ಕೇಳಿ ತೆಗೆಯಿರಿ. ಮಕ್ಕಳದ್ದಾದರೆ ಅಪ್ಪ ಅಮ್ಮನನ್ನು ಕೇಳಿ. ದಾನಿಗಳಿಗೆ ಕಳಿಸುವ ಮೊದಲು ಫೋಟೋ ದೊಡ್ಡದು ಮಾಡಿ ಹಿಂದಿನ ಸ್ಕ್ರೀನ್ ನೋಡಿ. ಆಧಾರ್ ನಂಬರ್, ಬ್ಯಾಂಕ್ ಬ್ಯಾಲೆನ್ಸ್, ಒಟಿಪಿ ಕಾಣುತ್ತಿದ್ದರೆ ಅಳಿಸಿ. ಕಲಿಯುವವರು ಬಡವರು, ಪಾಪ ಅನ್ನುವ ಹಾಗೆ ಕ್ಯಾಪ್ಷನ್ ಹಾಕಬೇಡಿ, ನಾಳೆ ಅವರೂ ಅದನ್ನು ಓದುತ್ತಾರೆ, ಓದುವುದನ್ನು ಕಲಿಸುತ್ತಿರುವುದೇ ನೀವು.

ಆಮೇಲೆ

ಉದ್ಘಾಟನೆ ಮುಗಿದ ವಾರದೊಳಗೆ ಎಲ್ಲರಿಗೂ ಪತ್ರ ಅಥವಾ ಮೆಸೇಜ್ ಹೋಗಿರಬೇಕು. ವಾಟ್ಸಾಪ್ ಗ್ರೂಪ್‌ನಲ್ಲಿ ಎಲ್ಲರಿಗೂ ಒಂದೇ ಕೈಮುಗಿಯುವ ಚಿತ್ರ ಹಾಕಿ ಕೈತೊಳೆದುಕೊಳ್ಳಬೇಡಿ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದರೂ ನಿಮ್ಮ ನಂಬರ್ ಸೇವ್ ಮಾಡಿಕೊಳ್ಳದವರಿಗೆ ಅದು ತಲುಪುವುದಿಲ್ಲ, ನೆನಪಿರಲಿ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವುದಕ್ಕೆ ಟೈಮ್ ಎಲ್ಲಿ ಅಂದರೆ, ನೋಟ್‌ಬುಕ್ ಇದೆಯಲ್ಲ, ಒಬ್ಬರು ಓದುತ್ತಾ ಹೋಗಲಿ, ಇಬ್ಬರು ಟೈಪ್ ಮಾಡಲಿ, ಒಂದು ಸಂಜೆಯ ಕೆಲಸ. ವಯಸ್ಸಾದವರಿಗೆ ಬರೆಯುವುದಕ್ಕಿಂತ ಫೋನ್ ಮಾಡುವುದು ಮೇಲು.

ಪಟ್ಟಿಯಲ್ಲಿ ಯಾರದ್ದಾದರೂ ಹೆಸರು ಬಿಟ್ಟುಹೋಗಿದೆ ಅಂತ ಗೊತ್ತಾದರೆ ಗ್ರೂಪ್‌ನಲ್ಲಿ ಕ್ಷಮೆ ಕೇಳುತ್ತಾ ಕೂರಬೇಡಿ. ಅವತ್ತೇ ಅವರ ಮನೆಗೆ ಹೋಗಿ.

ಆರು ತಿಂಗಳಿಗೆ ಇನ್ನೊಂದು ಸುದ್ದಿ ಕಳಿಸಿ. ಎಷ್ಟು ಜನ ಕಲಿತರು, ಎಷ್ಟು ಜನ ಅರ್ಧಕ್ಕೆ ಬಿಟ್ಟರು, ಯಾವ ಮಷಿನ್ ಕೆಟ್ಟಿದೆ. ಬಿಟ್ಟವರ ಲೆಕ್ಕವನ್ನೂ ಹೇಳಿ, ಕೊಯ್ಲಿನಲ್ಲಿ ಕ್ಲಾಸ್ ಖಾಲಿ ಹೊಡೆಯುತ್ತದೆ ಅಂತ ಬೆಳೆಗಾರರಿಗೆ ಬೇರೆಯವರು ಹೇಳಬೇಕಾಗಿಲ್ಲ. ಪಹಣಿ ತಾನೇ ತೆಗೆದುಕೊಂಡ ರೈತ, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿದ ಹುಡುಗಿ, ಇಂಥ ಒಂದೆರಡು ಸಂಗತಿ ಅವರನ್ನು ಕೇಳಿ, ಹೆಸರಿಲ್ಲದೆ ಬರೆಯಿರಿ.

ಮಾರ್ಚ್ ಮುಗಿದ ಮೇಲೆ 80ಜಿ ಇರುವ ಟ್ರಸ್ಟ್‌ಗಳಿಗೆ ಇನ್ನೊಂದು ಕೆಲಸ ಇದೆ. ದಾನಿಗಳ ಪಟ್ಟಿಯನ್ನು ಆದಾಯ ತೆರಿಗೆ ಇಲಾಖೆಗೆ ಮೇ 31ರೊಳಗೆ ಸಲ್ಲಿಸಿ, ಅಲ್ಲಿಂದ ಇಳಿಸಿಕೊಂಡ ಪ್ರಮಾಣಪತ್ರವನ್ನು ಪ್ರತಿಯೊಬ್ಬರಿಗೂ ಕಳಿಸಬೇಕು. ಇಷ್ಟು ವರ್ಷ 10ಬಿಡಿ, 10ಬಿಇ ಅಂತ ಆಡಿಟರ್‌ಗಳ ಬಾಯಲ್ಲಿ ಕೇಳುತ್ತಿದ್ದದ್ದು ಅದೇ. ರಿಟರ್ನ್ಸ್ ಹಾಕುವ ಹೊತ್ತಿಗೆ ಅವರೇ ಫೋನ್ ಮಾಡಿ ಕೇಳುವ ಹಾಗೆ ಮಾಡಬೇಡಿ. ಜೊತೆಗೆ ಎರಡು ಸಾಲು ಬರೆಯಿರಿ. ಆ ಎರಡು ಸಾಲಿನಲ್ಲಿ ಈ ವರ್ಷದ ದುಡ್ಡು ಮಾತ್ರ ಕೇಳಬೇಡಿ, ಅದನ್ನು ಕೇಳುವುದಕ್ಕೆ ಇನ್ನೊಂದು ದಿನ ಫೋನ್ ಮಾಡಿ.